ನಮ್ಮನೆಯ ಚಾಂಪಿಯನ್ನೂ ಅವರ ಅಭಿಮಾನಿಗಳೂ

ಗಂಡ ಕುಡುಕನಾದರೆ ಅಕ್ಕಪಕ್ಕದ ಹೆಂಗಸರು ಬಂದು ಸಮಾಧಾನ ಹೇಳುತ್ತಾರೆ. ಜೂಜುಕೋರನಾದರೆ ತವರಿನವರು ಬಂದು ಪಂಚಾಯ್ತಿ ಮಾಡುತ್ತಾರೆ. ಗಂಡ ಒಂದು ಕಾಲದ ಚಾಂಪಿಯನ್ ಆಗಿದ್ದರೆ ಮಾತ್ರ ಹೆಂಡತಿಯ ಕಷ್ಟ ಕೇಳುವವರು ಯಾರೂ ಇಲ್ಲ. "ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ ಅಮ್ಮ, ಸರ್ ಜೊತೆ ಒಂದು ಸೆಲ್ಫಿ ತಗೋಬೇಕು" ಅನ್ನುತ್ತಾರೆ. ಹೀಗೆ ಸರಿದೂ ಸರಿದೂ ನಾನು ನಮ್ಮನೆ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದೇನೆ. ಅಲ್ಲಿ ನಿಂತು ಕಂಡಿದ್ದನ್ನೇ ಈಗ ಹೇಳಹೊರಟಿರುವುದು. ನಾಳೆ ಬೆಳಗ್ಗೆ ಇನ್ನೇನಾಗುತ್ತದೋ ಗೊತ್ತಿಲ್ಲ. ನಮ್ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ನಮ್ಮನೆಯವರು ಹರೆಯದಲ್ಲಿ ಮಂಡ್ಯದ ಕಬಡ್ಡಿ ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಒಬ್ಬರನ್ನೋ ಇಬ್ಬರನ್ನೋ ಮುಟ್ಟಿ, ಉಸಿರು ಬಿಡದೆ ವಾಪಸ್ ಬರುವ ಕೆಲಸ ಅವರದು. ಆ ತಂಡ ಒಂದು ವರ್ಷ ರಾಜ್ಯಮಟ್ಟದ ಫೈನಲ್ ಗೆದ್ದಿತು. ಆಟಗಾರರಿಗೆಲ್ಲ ಒಂದೊಂದು ಪುಟ್ಟ ಹಿತ್ತಾಳೆ ಕಪ್ ಕೊಟ್ಟಿದ್ದರು. ಮನೆಗೆ ಮೊದಲು ಬಂದದ್ದು ಆ ಕಪ್, ಆಮೇಲೆ ನಾನು. ಆ ಹಿರಿತನವನ್ನು ಅದು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಮದುವೆಯಾಗಿ, ಮಕ್ಕಳಾಗಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಅವರು ಕರೆಂಟು ಕಂಬ ಹತ್ತಿ ಇಳಿದು, ಇಬ್ಬರೂ ನಿವೃತ್ತರಾಗುವವರೆಗೂ ಆ ಕಪ್ಪನ್ನು ಒರೆಸುವವಳು ನಾನೊಬ್ಬಳೇ, ನೋಡುವವರು ಅವರೊಬ್ಬರೇ. ಆಮೇಲೆ ಟೀವಿಯಲ್ಲಿ ಕಬಡ್ಡಿ ಜೋರಾಯಿತು. ಮದ್ದೂರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಒಬ್ಬ ಅಭಿಮಾನಿಗೆ, ನಮ್ಮೂರಿನ ಹಳೇ ಚಾಂಪಿಯನ್ನರನ್ನೆಲ್ಲ ಒಟ್ಟುಗೂಡಿಸಿ ಜನರೆದುರು ಕೂರಿಸಬೇಕು ಅನ್ನಿಸಿತು. ವೇದಿಕೆ, ಮೈಕು, ಪ್ರಶ್ನೋತ್ತರ, ಫೋಟೋ, ಕೊನೆಗೆ ಊಟ. ಇದಕ್ಕೆ ಅವರು 'ಸಮಾಗಮ' ಅನ್ನುತ್ತಾರೆ. ನಾನು ಬೇರೆ ಏನೋ ಅನ್ನುತ್ತೇನೆ, ಅದನ್ನಿಲ್ಲಿ ಬರೆಯುವುದಿಲ್ಲ.

ಫ್ಲೆಕ್ಸ್

ಮೊದಲ ಸಮಾಗಮ ಮಂಡ್ಯದಲ್ಲೇ ನಡೆಯಿತು. ಟೈರ್ ಅಂಗಡಿಯವರು ಬಸ್ ಸ್ಟ್ಯಾಂಡಿನ ಎದುರಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ್ದರು. ತಂಡದ ಹಳೇ ಫೋಟೋ ಸಿಕ್ಕಿದ್ದು ಒಂದೇ, ಅದೂ ಕಪ್ಪು ಬಿಳುಪಿನದು. ಫ್ಲೆಕ್ಸ್ ಅಂಗಡಿಯವನು ಅದರಿಂದ ಏಳು ಮುಖ ಕತ್ತರಿಸಿ, ಒಂದೊಂದನ್ನೂ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಕೂರಿಸಿ, ಸುತ್ತ ಹೂವಿನ ಹಾರ ಹಾಕಿ, ಎರಡೂ ಬದಿಗೆ ಉರಿಯುವ ದೀಪ ಇಟ್ಟಿದ್ದ. ಮೇಲುಗಡೆ 'ಎಂದೆಂದೂ ಮರೆಯಲಾಗದ ಮಾಣಿಕ್ಯಗಳು' ಅಂತಿತ್ತು. ಕೆಳಗಡೆ 'ಸಂಜೆ ಎಲ್ಲರೂ ಬನ್ನಿ. ಊಟದ ವ್ಯವಸ್ಥೆ ಇದೆ.'

ನಮ್ಮನೆಯವರ ಸೋದರತ್ತೆ ದುದ್ದದಲ್ಲಿದ್ದಾರೆ. ಆವತ್ತು ಬೆಳಗ್ಗೆ ಕಣ್ಣು ತೋರಿಸಲು ಮಂಡ್ಯಕ್ಕೆ ಬಂದವರು, ಬಸ್ಸಿಳಿದು ತಲೆಯೆತ್ತಿದರೆ ಎದುರಿಗೇ ಹಾರ ಹಾಕಿಕೊಂಡ ಅಣ್ಣನ ಮಗ. ಅತ್ತೆಗೆ ಓದಲು ಬರುವುದಿಲ್ಲ. ಆದರೆ ಹಾರ, ದೀಪ, ಕಪ್ಪು ಬಿಳುಪಿನ ಫೋಟೋ ಒಟ್ಟಿಗಿದ್ದರೆ ಏನರ್ಥ ಅನ್ನುವುದಕ್ಕೆ ಓದು ಬೇಕಾಗಿಲ್ಲ. ಅಲ್ಲೇ ನೆಲಕ್ಕೆ ಕೂತು ಎದೆ ಬಡಿದುಕೊಂಡರಂತೆ.

"ಅಯ್ಯೋ ನನ್ ಕಂದಾ! ಏಳೂ ಜನ್ವೂ ಒಟ್ಗೇ ಓಗ್ಬುಟ್ರಲ್ಲಪ್ಪಾ! ಯಾವ ವ್ಯಾನು ಮಗುಚ್ಕತೋ ಕಾಣೆನಲ್ಲಪ್ಪಾ!"

ಪಕ್ಕದವರ ಫೋನು ಇಸ್ಕೊಂಡು ಊರಿಗೆ ಸುದ್ದಿ ಮುಟ್ಟಿಸಿ, ಆಟೋ ಹತ್ತಿ ನಮ್ಮನೆ ಬಾಗಿಲಿಗೆ ಬಂದರು. ನಾನು ಅಡುಗೆಮನೆಯಲ್ಲಿದ್ದೆ. ನಮ್ಮನೆಯವರು ಸಂಜೆ ವೇದಿಕೆ ಹತ್ತಬೇಕಲ್ಲ, ತಲೆಗೆ, ಮೀಸೆಗೆ ಕರೀ ಬಣ್ಣ ಬಳಿದುಕೊಂಡು, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು ಹಾಲಿನಲ್ಲಿ ಓಡಾಡುತ್ತಿದ್ದರು. ಅಳುವ ಸದ್ದು ಕೇಳಿ ಬಾಗಿಲು ತೆಗೆದರು.

ಅತ್ತೆ ನೋಡಿದರು. ಹಣೆಯವರೆಗೂ ಕಪ್ಪು ಇಳಿದಿದೆ, ಮೈಮೇಲೆ ಬಟ್ಟೆಯಿಲ್ಲ, ಬಾಯಿ ಬಿಟ್ಟುಕೊಂಡು ನಿಂತಿದೆ. "ಶಿವನೇ" ಅಂದವರೇ ಎರಡು ಮೆಟ್ಟಿಲು ಹಿಂದಕ್ಕೆ ಇಳಿದರು.

"ಬಾ ಅತ್ತೆ ಒಳೀಕೆ. ಯಾಕಿಂಗೆ ಅಳ್ತಾ ಇದ್ದೀಯೆ? ಯಾರೋದ್ರು?" ಅಂತ ಇವರು ಕೇಳಿದರು.

ದನಿ ಗುರುತು ಸಿಕ್ಕಿದ್ದೇ ಅತ್ತೆ ಅದೇ ಎರಡು ಮೆಟ್ಟಿಲು ಹತ್ತಿ ಬಂದು ಬೆನ್ನಿಗೆ ಒಂದು ಗುದ್ದಿದರು. "ಸತ್ತಿಲ್ಲ ಅಂದ್ರೆ ಒಂದ್ ಫೋನಾದ್ರೂ ಮಾಡಿ ಯೋಳಕಾಗಲ್ವೇನ್ಲಾ ನಿಂಗೆ!"

ಅಷ್ಟು ಹೊತ್ತಿಗೆ ದುದ್ದದಿಂದ ಎರಡು ಟೆಂಪೋ ಹೊರಟಾಗಿತ್ತು. ಬಂದವರನ್ನು ಹಾಗೇ ವಾಪಸ್ ಕಳಿಸಲಾಗುತ್ತದೆಯೇ? ಬಿಳಿ ಪಂಚೆ, ಬಿಳಿ ಸೀರೆಯಲ್ಲಿ ಅಷ್ಟೂ ಜನ ಸಮಾಗಮಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಹೆಣಕ್ಕೆಂದು ತಂದಿದ್ದ ಹಾರಗಳನ್ನು ವ್ಯರ್ಥ ಮಾಡಬಾರದೆಂದು ಚಾಂಪಿಯನ್ನರ ಕೊರಳಿಗೇ ಹಾಕಿದರು. ಹಾಲ್ ತುಂಬಿ, ಜನ ಕಿಟಕಿಯಲ್ಲಿ ನೇತಾಡುತ್ತಿದ್ದರು. ಟೈರ್ ಅಂಗಡಿಯವರಿಗೆ ಖುಷಿಯೋ ಖುಷಿ. ನನ್ನ ಹತ್ತಿರ ಬಂದು ಕೈ ಮುಗಿದು ಹೇಳಿದರು: "ಮೇಡಂ, ಮುಂದಿನ ಸಲಾನೂ ಪ್ರಚಾರಾವ ನಿಮ್ಮತ್ತೇಗೇ ಒಪ್ಪುಸ್ಬುಡಾಣ."

ಹೊತ್ತವರು ಯಾರು

ಎರಡನೆಯದು ಮದ್ದೂರಿನಲ್ಲಿ. ಪ್ರಶ್ನೋತ್ತರದ ಹೊತ್ತಿಗೆ ಒಬ್ಬ ಅಭಿಮಾನಿ ಎದ್ದು ಮೈಕು ಹಿಡಿದರು. ನರೆತ ಮೀಸೆ, ಹೆಗಲ ಮೇಲೆ ಟವೆಲು. "ಕಪ್ ಗೆದ್ದ ದಿನ ಈ ರೈಡರ್ ಸಾಹೇಬ್ರ ಎಗಲ ಮ್ಯಾಲೆ ಒತ್ಕಂಡು ಇಡೀ ಮೈದಾನ ಸುತ್ತಿದೋನು ನಾನೇ" ಅಂದರು. ಚಪ್ಪಾಳೆ ಬಿತ್ತು. ನಮ್ಮನೆಯವರು ಎದ್ದು ನಿಂತು ನಮಸ್ಕಾರ ಮಾಡಿದರು.

ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದರು. "ಏಯ್, ನೀನೆಲ್ಲಿದ್ಯೋ ಅವತ್ತು? ಒತ್ಕಂಡಿದ್ದು ನಾನು!"

"ಇಬ್ರೂ ಸುಳ್ಳು ಯೋಳ್ತಾವ್ರೆ. ಕೂರ್ಸಿ ಅವರ್ನ!" ಇದು ಮೂರನೆಯವರು, ಬಾಗಿಲ ಹತ್ತಿರದಿಂದ.

ನಾನು ವೇದಿಕೆಯ ಬದಿಗೆ ಹೋಗಿ ನಮ್ಮನೆಯವರನ್ನು ಮೆಲ್ಲಗೆ ಕೇಳಿದೆ: "ಯಾರು ರೀ ಹೊತ್ಕೊಂಡಿದ್ದು?"

"ಯಾರೂ ಒತ್ಕಳ್ನಿಲ್ಲ ಕಣಮ್ಮಿ. ಕಾಲು ಉಳುಕಿತ್ತು, ಕುಂಟ್ಕಂಡು ಕುಂಟ್ಕಂಡು ರೈಲ್ವೆ ಸ್ಟೇಷನ್‌ಗಂಟ ನಡ್ದೆ" ಅಂದರು. ಅಂದವರೇ ಮೈಕು ತಗೊಂಡು, "ಮೂರೂ ಜನ ಒತ್ತಿರಬೌದು, ಆ ಸಂಭ್ರಮದಲ್ಲಿ ನಂಗೆ ಗ್ಯಾನ ಇಲ್ಲ" ಅಂದುಬಿಟ್ಟರು. ಅಭಿಮಾನಿಗಳ ವಿಷಯದಲ್ಲಿ ಅವರದು ಬಹಳ ದೊಡ್ಡ ಮನಸ್ಸು. ಸುಳ್ಳಿಗೂ ಜಾಗವಿರುವಷ್ಟು ದೊಡ್ಡದು.

ಜಗಳ ಅದರಿಂದ ಇನ್ನೂ ಏರಿತು. ಮೊದಲನೆಯವರು ಸಾಕ್ಷಿಗೆ ತಮ್ಮ ಭಾಮೈದನನ್ನು ನಿಲ್ಲಿಸಿದರು. ಭಾಮೈದ, "ನಮ್ ಬಾವ ಅವತ್ತು ಮನೇಗ್ ಬಂದು ಎಗಲು ನೋವು ಅಂತ ಅರಳೆಣ್ಣೆ ಉಜ್ಜುಸ್ಕಂಡಿದ್ದ ಈ ಕಣ್ಣಲ್ಲಿ ಕಂಡಿವ್ನಿ" ಅಂದರು. ಎರಡನೆಯವರು, "ಅದು ಕಬ್ಬು ಒತ್ತಿದ್ದಕ್ಕೆ ಬಂದ ನೋವು" ಅಂದರು. ಮೂರನೆಯವರು ಯಾರ ಜೊತೆಗೂ ಮಾತಾಡದೆ ವೇದಿಕೆಯನ್ನೇ ಹತ್ತಿಬಿಟ್ಟರು.

ಆಗ ತಂಡದ ಕ್ಯಾಪ್ಟನ್ ಎದ್ದರು. ಹನಕೆರೆಯ ಕಬ್ಬಿನ ಗದ್ದೆಯವರು; ಊರಿನ ಬದು ಜಗಳಗಳನ್ನೆಲ್ಲ ತೀರ್ಮಾನ ಮಾಡಿ ರೂಢಿಯಿದ್ದವರು. "ಬಾಯ್ಮಾತು ಬ್ಯಾಡ. ಈಗ ಒತ್ಕಳಿ. ಯಾರ ಎಗಲು ಇವ್ನಿಗೆ ಒಪ್ತದೋ ಅವರೇ ಅಂತ ಬರ್ಕಳಾಣ" ಅಂದರು. ಜನ ಸಿಳ್ಳೆ ಹೊಡೆದರು. ನಾನು 'ಬೇಡ' ಅಂತ ಕಣ್ಣಲ್ಲಿ ಸನ್ನೆ ಮಾಡಿದೆ. ನಮ್ಮನೆಯವರು ಆಗಲೇ ಪ್ಯಾಂಟು ಮಡಿಸಿಕೊಳ್ಳುತ್ತಿದ್ದರು.

ಹರೆಯದಲ್ಲಿ ಅವರು ಅಡಿಕೆ ಮರದ ಹಾಗೆ ಇದ್ದರಂತೆ. ನಾನು ನೋಡಿಲ್ಲ. ನಾನು ಕಾಣುವ ಹೊತ್ತಿಗೆ ತೆಂಗಿನ ಮರ, ಈಗ ಆಲದ ಮರ. ಮೊದಲನೆಯ ಅಭಿಮಾನಿ ಕೂತರು, ಇವರು ಹೆಗಲೇರಿದರು, ಆ ಮನುಷ್ಯ ಮೇಲೇಳಲೇ ಇಲ್ಲ. ಇಬ್ಬರೂ ಹಾಗೇ ಒಬ್ಬರ ಮೇಲೊಬ್ಬರು ಕೂತು ಜನರನ್ನು ನೋಡುತ್ತಿದ್ದರು. ಎರಡನೆಯವರು ಅರ್ಧ ಎತ್ತಿದರು. ಅಷ್ಟರಲ್ಲಿ ಸೊಂಟದಿಂದ 'ಕಟಕ್' ಅಂತ ಒಂದು ಸದ್ದು ಬಂತು, ಮೈಕಿನಲ್ಲೂ ಕೇಳಿಸಿತು. ಅವರನ್ನು ನಾಲ್ಕು ಜನ ಹಿಡಿದು ಕುರ್ಚಿಗೆ ಕೂರಿಸಿದರು.

ಈಗ ಮೂರನೆಯವರ ಸರದಿ. ಮೂವರಲ್ಲಿ ಅವರೇ ಸಣಕಲು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನಮ್ಮನೆಯವರ ಸುತ್ತ ಒಂದು ಸುತ್ತು ಬಂದರು. ಕಾಲು ನೋಡಿದರು. ಹೊಟ್ಟೆ ನೋಡಿದರು. ಕುರ್ಚಿಯಲ್ಲಿ ನರಳುತ್ತಿದ್ದ ಎರಡನೆಯವರನ್ನೂ ನೋಡಿದರು. ಆಮೇಲೆ ಮೈಕು ಇಸ್ಕೊಂಡು ನಿಧಾನವಾಗಿ ಹೇಳಿದರು:

"ತಪ್ಪಾಯ್ತು ಸ್ವಾಮಿ. ನಾನ್ ಒತ್ಕಂಡಿದ್ದು ಇವರ್ನಲ್ಲ. ಬ್ಯಾರೆ ಯಾರ್ನೋ."

ತೊಡೆಯ ಸದ್ದು

ಇದು ಚಿಕ್ಕದು. ಹನಕೆರೆಯಲ್ಲಿ ಕ್ಯಾಪ್ಟನ್ ಮನೆ ಮುಂದಿನ ಬಯಲಲ್ಲೇ ಒಂದು ಸಮಾಗಮ ನಡೆಯಿತು. ಕಾಲೇಜಿಗೆ ಹೋಗುವವರು ಕೆಲವರು ಮೊಬೈಲ್ ಹಿಡಿದು, "ಅಂಕಲ್, ಆಗಿನ ಕಾಲದಲ್ಲಿ ನೀವು ತೊಡೆ ತಟ್ಟಿದ್ರೆ ಪಕ್ಕದೂರಿಗೆ ಕೇಳಿಸ್ತಿತ್ತಂತೆ. ಒಂದ್ಸಲ ತಟ್ಟಿ, ವಿಡಿಯೋ ಮಾಡ್ಕೊತೀವಿ" ಅಂದರು.

ನಮ್ಮನೆಯವರಿಗೆ ಇಷ್ಟು ಸಾಕಲ್ಲ. ಎದ್ದರು. ಮೀಸೆ ತಿರುವಿದರು. ಕಾಲು ಅಗಲಿಸಿ, ಕೈಯನ್ನು ಆಕಾಶಕ್ಕೆ ಎತ್ತಿ, ಬಲದೊಡೆಯ ಮೇಲೆ ಪಟೀರನೆ ಬಿಟ್ಟರು.

ಎಂಥಾ ಸದ್ದು ಅಂತೀರಿ! ಹುಣಿಸೆ ಮರದ ಕಾಗೆಗಳೆಲ್ಲ ಹಾರಿಹೋದವು. ಜನ ಕೂಗಾಡಿದರು. "ನೋಡ್ಲಾ, ಈ ವಯಸ್ಸಲ್ಲೂ! ಮೂಳೆ ಅಂದ್ರೆ ಅದು ಕಣ್ಲಾ! ರಾಗಿ ತಿಂದ ಮೂಳೆ!" ಅಂತ ಒಬ್ಬರು ಅಂದರೆ, "ಈಗಿನೋರ ತೊಡೆ ತಟ್ಟಿದ್ರೆ ಪುಸ್ ಅಂತದೆ" ಅಂತ ಇನ್ನೊಬ್ಬರು ಅಂದರು.

ನಾನು ಮಾತ್ರ ಅವರ ಪ್ಯಾಂಟಿನ ಜೇಬನ್ನೇ ನೋಡುತ್ತಿದ್ದೆ. ಆ ಪ್ಯಾಂಟಿನ ಬಲಜೇಬಿಗೆ, ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ್ದ ಹೊಸ ಮೊಬೈಲ್ ಹಾಕಿದ್ದವಳು ನಾನೇ.

ಸಂಜೆಯಿಡೀ ಆ ಮನುಷ್ಯ ಬಲಗೈಯನ್ನು ಜೇಬಿನ ಮೇಲಿಟ್ಟುಕೊಂಡೇ ನಗುತ್ತಾ ಫೋಟೋಗೆ ನಿಂತರು. ಮನೆಗೆ ಬಂದ ಮೇಲೆ ಅದನ್ನು ಮೇಜಿನ ಮೇಲೆ ಸುರಿದರು. ಹೌದು, ಇಡಲಿಲ್ಲ, ಸುರಿದರು. "ಕೈ ಜಾರಿ ಬಿದ್ದೋಯ್ತು ಅಂತ ಮಗಳ್ಗೆ ಯೋಳು" ಅಂದರು.

"ಹೇಳಬಹುದು. ಆದರೆ ಅವಳು ಆಗಲೇ ವಿಡಿಯೋ ನೋಡಿ ಫೋನ್ ಮಾಡಿದ್ದಳು. ಅಪ್ಪನ ತೊಡೆ ಇನ್ನೂ ಎಷ್ಟು ಗಟ್ಟಿ ಇದೆ ಅಂತ ಕಾಲೊನಿಗೆಲ್ಲ ತೋರಿಸಿದಳಂತೆ" ಅಂದೆ.

ಎಕ್ಸ್‌ಟ್ರಾ

ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು ಏಳು ಜನ. ಹೊರಗೆ ಬೆಂಚಿನಲ್ಲಿ ಕಾಯುವವರನ್ನು ಎಕ್ಸ್‌ಟ್ರಾ ಅನ್ನುತ್ತಾರೆ. ಈ ತಂಡದ ಎಕ್ಸ್‌ಟ್ರಾ ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಬಲು ಸಂಭಾವಿತರು. ಫೈನಲ್ ದಿನ ಅವರಿಗೆ ಆಡುವ ಅವಕಾಶವೇ ಸಿಗಲಿಲ್ಲ. ಉಳಿದವರ ಪ್ಯಾಂಟು, ಶರ್ಟು, ವಾಚು, ಚಪ್ಪಲಿ ಎಲ್ಲವನ್ನೂ ತೊಡೆ ಮೇಲೆ, ಕಾಲ ಬುಡದಲ್ಲಿ ಇಟ್ಟುಕೊಂಡು ಕೂತಿದ್ದರಂತೆ.

ಸಮಾಗಮಕ್ಕೆ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಜೇಬಿನಲ್ಲಿ ಒಂದು ಹೊಸ ಪೆನ್ನು ಸಿಕ್ಕಿಸಿಕೊಂಡು ಬರುತ್ತಿದ್ದರು. ಯಾರಾದರೂ ಹಸ್ತಾಕ್ಷರ ಕೇಳಿದರೆ ಇರಲಿ ಅಂತ. ಯಾರೂ ಕೇಳುತ್ತಿರಲಿಲ್ಲ. ಒಂದು ಸಲವಂತೂ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ ಕಾರ್ಯಕರ್ತ ಅವರನ್ನು ತಡೆದು, "ಅಭಿಮಾನಿಗಳ ಲೈನು ಆ ಕಡೆ ಸಾರ್" ಅಂದ. ಈ ಮನುಷ್ಯ ಎದುರಾಡದೆ ಹೋಗಿ ಲೈನಿನಲ್ಲಿ ನಿಂತರು. ನಿಂತು, ಸರದಿ ಬಂದಾಗ ನಮ್ಮನೆಯವರ ಮುಂದೆ ಕಾಗದ ಚಾಚಿದರು.

ನಮ್ಮನೆಯವರು ತಲೆಯೆತ್ತದೆ, "ಏನಂತ ಬರೀಲಪ್ಪಾ? ಯೆಸರೇನು?" ಅಂದರು.

"ನಿನ್ ಪ್ಯಾಂಟು ಕಾಯ್ದೋನು ಅಂತ ಬರಿ ಕಣ್ಲಾ" ಅಂದರು ಎಕ್ಸ್‌ಟ್ರಾ.

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಊಟದ ಹೊತ್ತಿಗೆ ಅವರ ಹೆಂಡತಿ ನನ್ನ ಪಕ್ಕ ಕೂತು, "ಇನ್ಮೇಲೆ ಬರಲ್ಲ ಅಂತಾವ್ರೆ ಅಕ್ಕ. ಮನೇಗೆ ಓದ್ಮೇಲೆ ಊಟಾನೇ ಸರ್ಯಾಗಿ ಮಾಡಲ್ಲ" ಅಂದರು. ರಾತ್ರಿ ಅದನ್ನು ನಮ್ಮನೆಯವರಿಗೆ ಹೇಳಿದೆ. ಮುಂದಿನ ಸಲ ನಮ್ಮನೆಯವರೂ ಕ್ಯಾಪ್ಟನ್ನೂ ಅಂಗಡಿಗೇ ಹೋಗಿ, ಷಟರ್ ಎಳೆಸಿ, ನಡುವೆ ಕೂರಿಸಿಕೊಂಡು ಕರೆತಂದರು. ಆದರೂ ಅವರು ವೇದಿಕೆಯ ತೀರಾ ಮೂಲೆಯ ಕುರ್ಚಿಯಲ್ಲೇ ಕೂತರು. ಪೆನ್ನು ತಂದಿರಲಿಲ್ಲ.

ಆವತ್ತು ವೈದ್ಯನಾಥಪುರದಿಂದ ಒಬ್ಬರು ಅಜ್ಜಿ ಬಂದಿದ್ದರು. ಸೊಸೆಯ ಕೈ ಹಿಡಿದು, ಊರುಗೋಲು ಊರಿಕೊಂಡು, ಒಂದು ಚೀಲ ನೇತುಹಾಕಿಕೊಂಡು ವೇದಿಕೆ ಹತ್ತಿದರು. ನಮ್ಮನೆಯವರು ಎದ್ದು ಕೈ ಮುಗಿದರು. ಅಜ್ಜಿ ಮುಖದ ಹತ್ತಿರ ಮುಖ ತಂದು ನೋಡಿ, "ನೀನಲ್ಲ" ಅಂದರು. ಕ್ಯಾಪ್ಟನ್ ಕೂದಲು ಸರಿಮಾಡಿಕೊಂಡು ಮುಂದೆ ಬಂದರು. "ನೀನೂ ಅಲ್ಲ." ಹಾಗೇ ಒಬ್ಬೊಬ್ಬ ಚಾಂಪಿಯನ್ನನ್ನೂ ಕೋಲಿನಲ್ಲಿ ಪಕ್ಕಕ್ಕೆ ಸರಿಸುತ್ತಾ ಮೂಲೆಯ ಕುರ್ಚಿಗೆ ಹೋದರು. ನಿಂತು ನೋಡಿದರು. ಮುಖ ಅರಳಿತು.

"ಇವ್ನೇ! ಇವ್ನೇ ಕಣಮ್ಮ!" ಅಂತ ಎಕ್ಸ್‌ಟ್ರಾ ಅವರ ಎರಡೂ ಕೆನ್ನೆ ಸವರಿ ನಟಿಕೆ ಮುರಿದರು. "ನಮ್ಮೆಜಮಾನ್ರು ಇರೋವಾಗ ಆಟ ತೋರ್ಸಕೆ ನನ್ನೂ ಕರ್ಕಂಡೋಗಿದ್ರು. ಅವತ್ತಿಂದ ನಿನ್ ಮಕ ಮರ್ತಿಲ್ಲ ಕಣ್ ಮಗ. ನಿಂಗೇಂತ್ಲೇ ಕಜ್ಜಾಯ ಮಾಡ್ಕಂಡ್ ಬಂದಿವ್ನಿ."

ಎಕ್ಸ್‌ಟ್ರಾ ಅವರ ಕಣ್ಣು ತುಂಬಿ ಬಂತು. ಅಜ್ಜಿಯ ಕಾಲು ಮುಟ್ಟಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಉಳಿದ ಚಾಂಪಿಯನ್ನರು ಮಾತ್ರ ಕಜ್ಜಾಯದ ಚೀಲವನ್ನೇ ನೋಡುತ್ತಿದ್ದರು. ನಮ್ಮನೆಯವರಿಗೆ ತಡೆಯಲಾಗಲಿಲ್ಲ.

"ಅಲ್ಲ ಅಜ್ಜಿ, ಅವತ್ತು ಅಷ್ಟೊಂದ್ ಪಾಯಿಂಟ್ ತಂದೋನು ನಾನು. ಇವ್ನು ಆಡೇ ಇಲ್ವಲ್ಲ! ಇವ್ನೊಬ್ಬನ ಮಕ ಯೆಂಗ್ ನೆಪ್ಪಲ್ಲುಳೀತು ನಿಂಗೆ?"

ಅಜ್ಜಿ ಅವರ ಕಡೆ ಕನಿಕರದಿಂದ ನೋಡಿದರು. "ನೀವೆಲ್ಲ ಒಂದ್ ಕಡೆ ನಿಂತ್ರೆ ತಾನೆ ಮಕ ಕಾಣದು? ಕೋಳಿ ಅಟ್ಟುಸ್ಕಂಡಂಗೆ ಅತ್ಲಾಗೂ ಇತ್ಲಾಗೂ ಓಡಾಡ್ತಿದ್ರಿ. ಇವ್ನೊಬ್ಬ ಪಾಪ, ಕೊನೇವರ್ಗೂ ಕೂತಿದ್ ಜಾಗ ಬುಟ್ ಅಲ್ಲಾಡ್ನಿಲ್ಲ."

ಮಳವಳ್ಳಿಯ ರೈಡು

ಈಚಿನದು ಮಳವಳ್ಳಿಯಲ್ಲಿ ಆಗಿದ್ದು. ಬರೀ ಮಾತು, ಫೋಟೋ ಸಾಕು, ಒಂದು ಆಟವನ್ನೇ ಆಡಿಸೋಣ ಅಂತ ಟೈರ್ ಅಂಗಡಿಯವರು ಹೊಸ ಯೋಜನೆ ಹಾಕಿದ್ದರು. ಫೈನಲ್‌ನಲ್ಲಿ ಸೋತಿದ್ದ ಹೊರಜಿಲ್ಲೆಯ ತಂಡವನ್ನು ಹುಡುಕಿ, ಒಪ್ಪಿಸಿ, ಬರಹೇಳಿದ್ದರು. ಸ್ನೇಹಕ್ಕೊಂದು ಪಂದ್ಯ; ಎರಡೂ ಕಡೆ ಅರವತ್ತು ದಾಟಿದವರು.

ನಮ್ಮನೆಯವರ ಮಂಡಿ ಆಗಲೇ ಹಾಳಾಗಿತ್ತು. ಮೆಟ್ಟಿಲು ಹತ್ತುವುದನ್ನೇ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಆಡುವುದಿಲ್ಲ, ಕೂತು ನೋಡುತ್ತೇನೆ ಅಂತ ನನಗೆ ಮಾತು ಕೊಟ್ಟಿದ್ದರು. ಆದರೆ ಒಂದು ದಿನ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು: "ಟೀಚರೇ, ಸಾರ್‌ಗೆ ಹುಷಾರಿಲ್ವಾ? ದಿನಾ ಬೆಳಗ್ಗೆ ಬಚ್ಚಲಲ್ಲಿ ಏನೋ ಒಂದೇ ಸಮ ಮುಲುಗ್ತಾರಲ್ಲ?" ಹೋಗಿ ಬಚ್ಚಲ ಬಾಗಿಲಿಗೆ ಕಿವಿ ಕೊಟ್ಟೆ. ಒಳಗೆ, ನಲ್ಲಿ ನೀರಿನ ಸದ್ದಿನ ಹಿಂದೆ, ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿಕೊಳ್ಳುತ್ತಿದ್ದರು.

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರು. "ಒಂದೇ ಒಂದು ರೈಡು ಕಣಮ್ಮಿ. ಜನ ಅಷ್ಟ್ ದೂರದಿಂದ ಬತ್ತಾರೆ. ಒಂದ್ಸಲ ಓಗಿ ಮುಟ್ಬುಟ್ಟು ಬಂದ್ಬುಡ್ತೀನಿ. ಆಮ್ಯಾಕೆ ನೀನು ಕುಂತ್ಕೊ ಅಂದ್ರೆ ಕುಂತೆ, ನಿಂತ್ಕೊ ಅಂದ್ರೆ ನಿಂತೆ." ಮಗು ಮಿಠಾಯಿ ಕೇಳುವ ಹಾಗೆ ಕೇಳುವಾಗ ಏನನ್ನೋದು? ಹೂಂ ಅಂದೆ. ಅಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬಿದ್ದರೆ ಏನು ಗತಿ? ಮಂಡಿ ಹೋದರೆ ಹೋಗಲಿ, ಅಷ್ಟು ಜನರ ಮುಂದೆ ಬಿದ್ದರೆ ಆ ಮನಸ್ಸನ್ನು ಎತ್ತುವವರು ಯಾರು?

ಮಳವಳ್ಳಿಯ ಮೈದಾನದಲ್ಲಿ ಮ್ಯಾಟು ಹಾಸಿತ್ತು, ಜನ ಕಿಕ್ಕಿರಿದಿದ್ದರು. ಎಲ್ಲ ಬಂದರು, ಎದುರಾಳಿ ತಂಡ ಒಂದು ಬಿಟ್ಟು. ಅವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತ್ತು. ಜನ ಸಿಳ್ಳೆ ಹಾಕಿದರು, ಕೂಗಿದರು, ಖಾಲಿ ಬಾಟಲಿ ಎಸೆದರು. ಟೈರ್ ಅಂಗಡಿಯವರ ಮುಖ ಗಾಳಿ ಹೋದ ಟ್ಯೂಬಿನ ಹಾಗಾಗಿತ್ತು. "ಎದುರ್ಗೆ ನಿಲ್ಲಕ್ಕೆ ಯಾರಾದ್ರೂ ಬನ್ನಿ ಅಣ್ಣಂದಿರಾ" ಅಂತ ಮೈಕಿನಲ್ಲಿ ಅಂಗಲಾಚಿದರು. ಚಾಂಪಿಯನ್ನರ ಎದುರು ನಿಲ್ಲಲು ಯಾವ ಗಂಡಸಿಗೂ ಧೈರ್ಯ ಬರಲಿಲ್ಲ. ಬಂದು, ಅರವತ್ತು ವರ್ಷದವರ ಕೈಲಿ ಸೋತರೆ ಊರಲ್ಲಿ ತಲೆಯೆತ್ತುವುದು ಹೇಗೆ?

ಆಗ ಕ್ಯಾಪ್ಟನ್ ಹೆಂಡತಿ ಎದ್ದರು. ಮಳವಳ್ಳಿ ಕಡೆಯ ಹೆಣ್ಣುಮಗಳು. ದಿನಾ ಎರಡು ಕೈಗೆ ಎರಡು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆಯುವವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇವರ ಮುಂದೆ ನಿಲ್ಲಕ್ಕೆ ಅಷ್ಟೊಂದ್ಯಾಕೆ ಎದರ್ಕತೀರಿ? ನಾವು ದಿನಾ ನಿಲ್ತಾ ಇಲ್ವಾ? ಬನ್ನಿ ಅಕ್ಕ" ಅಂತ ನನ್ನ ಕೈ ಹಿಡಿದು ಎಳೆದರು. ಎಕ್ಸ್‌ಟ್ರಾ ಅವರ ಹೆಂಡತಿ ಬಂದರು. ತಂಡದಲ್ಲಿ ಮೂಲೆ ಕಾಯುತ್ತಿದ್ದ ಬಸ್ ಡ್ರೈವರ್ ಒಬ್ಬರಿದ್ದಾರೆ, ಅವರ ಹೆಂಡತಿ ಬಂದರು. ಪ್ರೇಕ್ಷಕರ ಕಡೆಯಿಂದ ಇನ್ನೂ ಮೂವರು ಹೆಂಗಸರು ಚಪ್ಪಲಿ ಬಿಟ್ಟು ಓಡಿಬಂದರು. ಏಳಾಯಿತು. ಹೆಂಗಸರ ಗ್ಯಾಲರಿಯಿಂದ ಎದ್ದ ಕೂಗಿಗೆ ಶಾಮಿಯಾನವೇ ಅಲ್ಲಾಡಿತು.

ಮೊದಲ ರೈಡು ಕ್ಯಾಪ್ಟನ್ನರದು. ತೊಡೆ ತಟ್ಟಿ, ಗೆರೆ ದಾಟಿ, ಕಬಡ್ಡಿ ಕಬಡ್ಡಿ ಅನ್ನುತ್ತಾ ಎರಡು ಹೆಜ್ಜೆ ಬಂದರು. ನಡುವೆ ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮುಟ್ಟಲಿಲ್ಲ, ಹಿಡಿಯಲಿಲ್ಲ, ಸುಮ್ಮನೆ ನೋಡಿದರು. ಕ್ಯಾಪ್ಟನ್ ಕಬಡ್ಡಿ ಅನ್ನುತ್ತಲೇ ಹಿಂದು ಹಿಂದಕ್ಕೆ ನಡೆದು ಗೆರೆ ದಾಟಿಬಿಟ್ಟರು. "ಯಾಕ್ಲಾ ಯಾರನ್ನೂ ಮುಟ್ಟದೇ ಬಂದೆ?" ಅಂತ ಡ್ರೈವರ್ ಕೇಳಿದರೆ, "ಅಲ್ಲಿ ಅವ್ಳವ್ಳೆ ಕಣ್ಲಾ" ಅಂದರು.

ಆಮೇಲೆ ನಮ್ಮನೆಯವರು. "ಈಗ ಬರ್ತಾ ಇದ್ದಾರೆ, ರೈಡಿನ ನಡುವೆ ಒಂದು ಸಲವೂ ಉಸಿರು ಬಿಡದ ನಮ್ಮ ಹುಲಿ!" ಅಂತ ಮೈಕಿನಲ್ಲಿ ಕೂಗಿದರು. ಇವರು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಗೆರೆ ದಾಟಿದರು.

ನಿಜ ಹೇಳುತ್ತೇನೆ, ನಾನು ಮದುವೆಯಾದದ್ದು ಆಟ ನಿಲ್ಲಿಸಿದ ಮನುಷ್ಯನನ್ನು. ಅವರು ಆಡುವುದನ್ನು ಆವತ್ತೇ ಮೊದಲು ಕಂಡಿದ್ದು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಬೆರಳುಗಳು ನೆಲ ಸವರುತ್ತಿದ್ದವು. ಆ ದೊಡ್ಡ ದೇಹ ಎಲ್ಲಿ ಹೋಯಿತೋ, ಕಣ್ಣು ಮಾತ್ರ ಅತ್ತಿತ್ತ ಮಿಂಚುತ್ತಿತ್ತು. ಕಬಡ್ಡಿ ಕಬಡ್ಡಿ ಕಬಡ್ಡಿ, ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಎದುರಾಳಿಯಾಗಿ ನಿಂತವಳು ನಾನು ಅನ್ನುವುದೇ ನನಗೆ ಮರೆತುಹೋಗಿತ್ತು.

ನನ್ನ ಕಡೆ ತಿರುಗಿದರು. ಕಾಲು ಚಾಚಿ ನನ್ನ ಪಾದ ಮುಟ್ಟಿ ಓಡುವ ಲೆಕ್ಕಾಚಾರ. ಚಾಚಲು ಎಡಮಂಡಿ ಮಡಿಸಿದರು. ಆ ಮಂಡಿ ಗಡಗಡ ನಡುಗುವುದು ನನಗೆ ಕಾಣಿಸಿತು. ಮುಖದ ಮೇಲೆ ಬೆವರು. ಅದನ್ನು ಕಂಡಿದ್ದೇ ತಡ, ಹೊರಡುವ ಗಡಿಬಿಡಿಯಲ್ಲಿ ಫ್ರಿಜ್ಜಿನ ಮೇಲೆ ಮಾತ್ರೆ ಡಬ್ಬಿ ಹಾಗೇ ಇದ್ದದ್ದು ನೆನಪಾಯಿತು. ಆಟ, ಜನ, ಮೈಕು ಎಲ್ಲ ಮರೆತು, ಮನೆಯಲ್ಲಿ ಕೇಳುವ ಹಾಗೇ ಕೇಳಿಬಿಟ್ಟೆ:

"ರೀ, ಬೆಳಗ್ಗೆ ಬಿಪಿ ಮಾತ್ರೆ ತಗೊಂಡ್ರಾ?"

"ಕಬಡ್ಡಿ ಕಬಡ್ಡಿ ಕಬಡ್... ಇಲ್ಲ ಕಣಮ್ಮಿ, ಮರ್ತ್ಬುಟ್ಟೆ."

ರೆಫ್ರಿ ಸೀಟಿ ಊದಿದರು. ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು. ಕ್ಯಾಪ್ಟನ್ ಹೆಂಡತಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಆ ಹಾಲಿನ ಕ್ಯಾನುಗಳ ಕಷ್ಟ ನನಗೆ ಆವತ್ತು ಅರ್ಥವಾಯಿತು.

ನಮ್ಮನೆಯವರು ಮಾತ್ರ ಮಂಡಿಯನ್ನೂ ಮರೆತು ದುಡುದುಡು ರೆಫ್ರಿ ಹತ್ತಿರ ಓಡಿದರು. ರೆಫ್ರಿ ನಿವೃತ್ತ ಪಿ.ಟಿ. ಮೇಷ್ಟ್ರು, ರೂಲ್ಸು ಅಂದರೆ ರೂಲ್ಸು ಅನ್ನುವ ಮನುಷ್ಯ. "ಸಾರ್, ಇದು ಅನ್ಯಾಯ! ರೈಡಲ್ಲಿರೋನ ಹಿಂಗೆ ಮಾತಾಡ್ಸದು ಯಾವ ರೂಲ್ಸಲ್ಲೈತೆ?" ಅಂತ ಕೂಗಾಡಿದರು. ಟೈರ್ ಅಂಗಡಿಯವರು ಮೈಕನ್ನು ತಂದು ಇಬ್ಬರ ನಡುವೆ ಹಿಡಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ನೋಡಿ ಸಾರ್. ಎದುರಾಳಿ ಪ್ರಶ್ನೆ ಕೇಳಬಾರದು ಅಂತ ರೂಲ್ಸಿನಲ್ಲಿ ಎಲ್ಲೂ ಇಲ್ಲ. ರೈಡರ್ ಉತ್ತರ ಕೊಡಬಾರದು, ಅಷ್ಟೇ. ಕೊಡದೆ ಇದ್ದಿದ್ದರೆ ಈ ಅಂಕಣದಲ್ಲಿ ಉಳ್ಕೊಳ್ತಿದ್ರಿ, ಒಪ್ತೀನಿ. ಆದರೆ ರಾತ್ರಿ ನಿಮ್ಮನೇಲಿ ಉಳ್ಕೊಳ್ತಿದ್ರಾ? ನಾನೂ ಸಂಸಾರಸ್ಥ. ನೀವು ಮಾಡಿದ್ದು ಸರಿಯಾಗೇ ಇದೆ. ಔಟ್!"